ಕಿಟಕಿಯವರೆಗೆ ಬೆಳೆದ ಪನ್ನೀರು ಗುಲಾಬಿ

ನಿವೃತ್ತಳಾದ ಮೇಲೆ ಕಾಲು ಚಾಚಿಕೊಂಡು ಕೂರಬಹುದು ಅಂದುಕೊಂಡಿದ್ದೆ. ಎಲ್ಲಿ ಬಿಡುತ್ತಾರೆ! ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಹೊಸದಾಗಿ ತೋಟದ ಕೆಲಸಕ್ಕೆ ಸೇರಿದವರು ಯಾರಿಂದಲೋ ನನ್ನ ನಂಬರು ಹಿಡಿದು ಮೊಬೈಲಿಗೆ ಫೋಟೊ ಕಳಿಸುತ್ತಾರೆ. ಹತ್ತರಲ್ಲಿ ಒಂಬತ್ತು ಫೋಟೊ ಒಂದೇ ಥರ. ಗುಲಾಬಿ ಗಿಡ ಆಳೆತ್ತರಕ್ಕೂ ಮಿಕ್ಕಿ ಬೆಳೆದಿರುತ್ತದೆ, ಕೆಳಗೆಲ್ಲ ಬೋಳು ಕಡ್ಡಿ, ತುದಿಯಲ್ಲಿ ಮಾತ್ರ ನಾಲ್ಕು ಹೂವು. ‘ಆಂಟಿ, ಇದನ್ನ ಯಾವಾಗ ಕಟ್ ಮಾಡೋದು, ಎಷ್ಟು ಕಟ್ ಮಾಡೋದು?’ ಎಂದು ಕೇಳುತ್ತಾರೆ.

ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ತಣ್ಣಗಾಗಲು ಶುರುವಾದ ಮೇಲೆ ಕತ್ತರಿಸಿ ಅನ್ನುತ್ತೇನೆ. ಬೆಂಗಳೂರಿನಲ್ಲಾದರೆ ದಸರಾ ಕಳೆದ ಮೇಲೆ. ಒಣಗಿದ್ದು, ಸೊರಗಿದ್ದು, ಒಂದಕ್ಕೊಂದು ತಿಕ್ಕಾಡುವ ಕೊಂಬೆ, ಇವನ್ನು ಮೊದಲು ಬುಡಕ್ಕೇ ತೆಗೆಯಿರಿ. ಉಳಿದ ಗಟ್ಟಿ ಕಡ್ಡಿಗಳನ್ನು ಮೊಣಕಾಲಿಗಿಂತ ತುಸು ಮೇಲೆ ನಿಲ್ಲಿಸಿ. ಇಷ್ಟು ಹೇಳಿದರೆ ‘ಥ್ಯಾಂಕ್ಸ್ ಆಂಟಿ’ ಎಂದು ಫೋನಿಡುತ್ತಾರೆ. ನನಗೆ ಮಾತ್ರ ಅರ್ಧವೇ ಹೇಳಿದೆನಲ್ಲ ಎಂದು ಕಸಿವಿಸಿ. ಉಳಿದರ್ಧ ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಹಾಸಿಗೆ ಹಿಡಿದ ಒಬ್ಬ ಹೆಂಗಸಿಗೆ ತನ್ನ ಗಿಡದ ಹೂವು ಉಳಿಯುತ್ತದೋ ಇಲ್ಲವೋ ಎಂದು ನಾವೆಲ್ಲ ಒದ್ದಾಡಿದ ವಿಷಯವೇ ಇದರಲ್ಲಿ ಹೆಚ್ಚು. ಅದಕ್ಕೆ ಮುಂಚೆ ನನ್ನ ಕೆಲಸದ ಬಗ್ಗೆ ಒಂದಿಷ್ಟು ಹರಟುತ್ತೇನೆ. ನಾನು ಮೊದಲಿಂದಲೂ ಬಾಯಿಬಡುಕಿ, ಸಹಿಸಿಕೊಳ್ಳಿ.

ನಾನು ದುಡಿದದ್ದು ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯ ತೋಟದ ವಿಭಾಗದಲ್ಲಿ. ಗೇಟಿನ ಮುಂದಿನ ಹುಲ್ಲುಹಾಸು, ಕ್ಯಾಂಟೀನಿನ ಪಕ್ಕದ ಗುಲಾಬಿ ಮಡಿಗಳು, ರಸ್ತೆ ದಾಟಿದರೆ ನೌಕರರ ಕ್ವಾರ್ಟರ್ಸು, ಇಷ್ಟೂ ನಮ್ಮ ಪಾಲಿಗೆ. ನನ್ನ ಊರು ಆನೇಕಲ್ ಕಡೆ. ಮದುವೆಗೆ ಮುಂಚೆಯೇ ಹೂವಿನ ತೋಟಗಳಲ್ಲಿ ಗುಲಾಬಿ ಕೊಯ್ಯುವ ಕೂಲಿಗೆ ಹೋಗಿದ್ದೆ. ಹಾಗಾಗಿ ಕೆಲಸಕ್ಕೆ ಸೇರಿದ ದಿನ ನನಗೆಲ್ಲ ಗೊತ್ತು ಎಂಬ ಜಂಭ ಬೇಕಾದಷ್ಟಿತ್ತು.

ಆಗ ಮೇಸ್ತ್ರಿಯಾಗಿದ್ದವರು ಮುನಿಯಪ್ಪನವರು. ಬೆಳಗಿಂದ ಸಂಜೆಯವರೆಗೆ ಅವರ ಬಾಯಿಂದ ಬರುತ್ತಿದ್ದ ಮಾತನ್ನು ನಾನು ಒಂದು ಕಾಫಿ ಕುಡಿಯುವುದರೊಳಗೆ ಆಡಿ ಮುಗಿಸುತ್ತಿದ್ದೆ. ನನಗೆ ಗುಲಾಬಿ ಮಡಿಗಳನ್ನೇ ಕೊಟ್ಟರು. ಮುಳ್ಳಿನ ಭಯಕ್ಕಾದರೂ ಈ ಹುಡುಗಿ ಬಾಯಿ ಮುಚ್ಚುತ್ತಾಳೆ ಅಂತ ಕೊಟ್ಟಿದ್ದು ಎಂದು ಜೊತೆಯವರು ರೇಗಿಸುತ್ತಿದ್ದರು. ಅವರು ಪಾಠ ಮಾಡಲಿಲ್ಲ. ನಾನು ಕತ್ತರಿಸಿ ಎಸೆದ ಕಡ್ಡಿಗಳನ್ನು ಆಯ್ದು ತಂದು ನನ್ನ ಮುಂದೆ ಇಡುತ್ತಿದ್ದರು, ಅಷ್ಟೆ. ಎರಡು ಎಲೆಗಳ ಮಧ್ಯೆ ಎಲ್ಲೋ ಕತ್ತರಿಸಿದ್ದರೆ ಬೆರಳಿಟ್ಟು ತೋರಿಸುವರು. ಎಲೆ ಹುಟ್ಟುವ ಕಡೆ ಪುಟ್ಟ ಉಬ್ಬು ಇರುತ್ತದಲ್ಲ, ಅದನ್ನು ನಾವು ಕಣ್ಣು ಅನ್ನುತ್ತೇವೆ. ಗಿಡದ ಹೊರಗಡೆಗೆ ಮುಖ ಮಾಡಿದ ಕಣ್ಣನ್ನು ಹುಡುಕಿ, ಅದಕ್ಕಿಂತ ಸ್ವಲ್ಪ ಮೇಲೆ, ನೀರು ಆ ಕಣ್ಣಿನ ಕಡೆಗೆ ಇಳಿಯದಂತೆ ಓರೆಯಾಗಿ ಕತ್ತರಿಸಬೇಕು. ಒಳಗಣ್ಣಿಗೆ ಕತ್ತರಿಸಿದರೆ ಕೊಂಬೆಗಳೆಲ್ಲ ನಡುವೆ ಗುಂಪು ಸೇರಿ ಗಾಳಿಯಾಡದೆ ಬೂದಿ ರೋಗ ಹಿಡಿಯುತ್ತದೆ.

ಇನ್ನೊಂದು ವಿಷಯವನ್ನು ಅವರು ಬಾಯಿ ಬಿಟ್ಟೇ ಹೇಳಿದರು. ಕಡ್ಡಿಯನ್ನು ಕತ್ತರಿಸಿದ ಮೇಲೆ ಅದರ ಮುಖ ನೋಡಬೇಕು. ನಡುವಿನ ಬೆಂಡು ಬೆಳ್ಳಗಿದ್ದರೆ ಸರಿ. ಕಂದಾಗಿದ್ದರೆ ಆ ಕಡ್ಡಿಗೆ ಜೀವ ಇಲ್ಲ, ಇನ್ನೂ ಕೆಳಗೆ ಬನ್ನಿ. ಬಿಳಿ ಸಿಗುವವರೆಗೆ ಇಳಿಯುತ್ತಲೇ ಇರಬೇಕು, ಮಧ್ಯೆ ಅಯ್ಯೋ ಪಾಪ ಅಂತ ನಿಲ್ಲಿಸಬಾರದು.

ಪುಸ್ತಕದಲ್ಲಿ ಒಂದು ತಿಂಗಳು ಬರೆದಿರುತ್ತದೆ. ಆದರೆ ಕಾರ್ಖಾನೆಯ ಗುಲಾಬಿಗೆ ಬೇರೆಯದೇ ಪಂಚಾಂಗ. ನಮ್ಮಲ್ಲಿ ಆಯುಧ ಪೂಜೆ ಮುಗಿಯದೆ ಗುಲಾಬಿಗೆ ಕತ್ತರಿ ಹಾಕುವಂತಿರಲಿಲ್ಲ. ಅವತ್ತು ಪ್ರತಿ ಸೆಕ್ಷನ್ನಿನವರೂ ಬುಟ್ಟಿ ಹಿಡಿದು ಬರುತ್ತಿದ್ದರು. ಲೇತಿಗೆ ಹೂವು, ಕಂಪ್ರೆಸರಿಗೆ ಹೂವು, ಕ್ಯಾಂಟೀನಿನ ರುಬ್ಬುವ ಯಂತ್ರಕ್ಕೂ ಹೂವು. ಮಡಿಗಳೆಲ್ಲ ಖಾಲಿ. ನಮ್ಮ ಕಟರುಗಳನ್ನೂ ತೊಳೆದು, ಕುಂಕುಮವಿಟ್ಟು, ಗುದ್ದಲಿಯ ಪಕ್ಕದಲ್ಲಿ ಮಲಗಿಸುತ್ತಿದ್ದೆವು. ವಿಜಯದಶಮಿ ಕಳೆದ ಮಾರನೆಯ ದಿನ ಅವನ್ನು ಎತ್ತಿಕೊಂಡು ಗುಲಾಬಿಗೆ ಇಳಿಯುವುದು ಪದ್ಧತಿ.

ಹೊಸದಾಗಿ ಬಂದ ಒಬ್ಬ ಅಧಿಕಾರಿಗೆ ಇದು ತಿಳಿದಿರಲಿಲ್ಲ. ಒಳ್ಳೆಯ ಮನುಷ್ಯ, ಗಿಡಗಳೆಂದರೆ ಪ್ರಾಣ. ಆ ವರ್ಷ ದಸರಾ ತಡವಾಗಿ ಬಂದಿತ್ತು, ಮಳೆ ಬೇಗ ನಿಂತಿತ್ತು. ಕಾಯುವುದೇಕೆ ಎಂದು ಮೊದಲೇ ಕತ್ತರಿಸಿ ಅಂದರು. ಮುನಿಯಪ್ಪನವರು ತಲೆ ಕೆರೆದುಕೊಂಡರೇ ಹೊರತು ಬಾಯಿ ಬಿಡಲಿಲ್ಲ. ನಾನೂ ಅವತ್ತೇ ಸುಮ್ಮನಿರಬೇಕೆ! ಪೂಜೆಯ ಬೆಳಿಗ್ಗೆ ಬುಟ್ಟಿ ಹಿಡಿದು ಬಂದವರಿಗೆ ಕಂಡದ್ದು ಬರೀ ಕಡ್ಡಿ. ಸಾಹೇಬರೇ ವ್ಯಾನು ಹತ್ತಿ ಮಾರ್ಕೆಟ್ಟಿಗೆ ಓಡಿ ಸೇವಂತಿಗೆ ತಂದು ಹಂಚಿದರು. ಆದರೂ ನಮ್ಮ ಸುತ್ತಿಗೆಗೆ ಯಾವತ್ತೂ ಗುಲಾಬಿಯೇ ಇಟ್ಟಿದ್ದು ಎಂದು ಕಮ್ಮಾರ ಶಾಲೆಯವರು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು.

ಅವತ್ತು ಇಡೀ ಕಾರ್ಖಾನೆಯಲ್ಲಿ ಗುಲಾಬಿ ಸಿಕ್ಕಿದ್ದು ಒಂದೇ ಲೇತಿಗೆ, ಟೂಲ್ ರೂಮಿನ ನಂಜುಂಡಯ್ಯನವರ ಲೇತಿಗೆ. ಅವರ ಮನೆಯಲ್ಲೇ ಪನ್ನೀರು ಗುಲಾಬಿಯ ಗಿಡವಿತ್ತು. ಟಿಫಿನ್ ಡಬ್ಬಿಯ ತುಂಬ ಹೂವು ತಂದಿದ್ದರು. ಮುಚ್ಚಳ ತೆಗೆದರೆ ಎಣ್ಣೆ, ಗ್ರೀಸಿನ ವಾಸನೆಯ ಮಧ್ಯೆ ಮದುವೆ ಮನೆಯ ಘಮಲು. ಇದು ನಮ್ಮ ಮನೆಯವಳ ಕೈಗುಣ ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಆ ಮನೆಯವರ ಹೆಸರು ಸರಸ್ವತಮ್ಮ. ಕ್ವಾರ್ಟರ್ಸಿನ ಒಂದು ಬ್ಲಾಕಿನ ಮೊದಲ ಮಹಡಿಯಲ್ಲಿ ಅವರ ಮನೆ. ಮೆಟ್ಟಿಲ ಪಕ್ಕದ ಮಣ್ಣಿನಲ್ಲಿ, ತವರಿನಿಂದ ತಂದ ಒಂದು ಕಡ್ಡಿಯನ್ನು ಊರಿ ಆ ಗಿಡ ಮಾಡಿಕೊಂಡಿದ್ದರು. ನಾನು ಆ ಕಡೆ ಕೆಲಸಕ್ಕೆ ಹೋದರೆ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ. ಮಜ್ಜಿಗೆಯ ಜೊತೆಗೆ ಜಗಳವೂ ಉಂಟು. ದಸರಾ ಕಳೆದ ಮೇಲೆ ಅವರೇ ಸೆರಗು ಸಿಕ್ಕಿಸಿಕೊಂಡು ಗಿಡ ಕತ್ತರಿಸಲು ನಿಲ್ಲುತ್ತಿದ್ದರು. ನಾನು ಇನ್ನೂ ಕೆಳಗೆ ಎಂದರೆ ಅವರು ಇಷ್ಟು ಸಾಕು ಅನ್ನುವರು, ಇಷ್ಟು ಸಾಕು ಅಂದರೆ ಇನ್ನೂ ಕೆಳಗೆ ಅನ್ನುವರು. ಗಿಡ ಸೊಂಟದೆತ್ತರಕ್ಕೆ ದುಂಡಗೆ ನಿಂತಿರುತ್ತಿತ್ತು. ಸಂಜೆ ನಾಲ್ಕಾರು ಹೆಂಗಸರು ಅದರ ಸುತ್ತ ನಿಂತು ಹೂವು ಕೊಯ್ಯುತ್ತಾ ಊರ ಸಮಾಚಾರವನ್ನೆಲ್ಲ ಮುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸರಸ್ವತಮ್ಮನವರಿಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ ಹೋಯಿತು. ಮಾತು ನಿಧಾನವಾಗಿ ಮರಳಿ ಬಂತು, ಕಾಲು ಬರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅವರನ್ನು ಹೊತ್ತು ಮೆಟ್ಟಿಲು ಹತ್ತಿಸಿದರು. ಕಿಟಕಿಯ ಪಕ್ಕ ಮಂಚ ಹಾಕಿದರು. ಆ ಹಳೆಯ ಬ್ಲಾಕುಗಳಿಗೆ ಲಿಫ್ಟ್ ಇಲ್ಲ. ಆಮೇಲೆ ಅವರು ಕೆಳಗಿಳಿದದ್ದು ಅಂದರೆ ಆಸ್ಪತ್ರೆಗೆ ಹೋಗಲು ಮಾತ್ರ.

ನಂಜುಂಡಯ್ಯನವರು ಆ ದಸರಾಕ್ಕೆ ಗಿಡ ಕತ್ತರಿಸಲು ಬಿಡಲಿಲ್ಲ. ಪನ್ನೀರು ಗುಲಾಬಿ ಬಳ್ಳಿಯಲ್ಲ, ಆದರೆ ಆಸರೆ ಕೊಟ್ಟರೆ ಏರುತ್ತದೆ. ಗೋಡೆಯ ನೀರಿನ ಪೈಪಿಗೆ ಕಡ್ಡಿಗಳನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟುತ್ತಾ ಬಂದರು. ಏಣಿ ಹಾಕಿಕೊಂಡು, ಶಿಫ್ಟು ಮುಗಿಸಿ ಬಂದ ಬಟ್ಟೆಯಲ್ಲೇ. ವರ್ಷಗಳು ಉರುಳಿ, ಕಡೆಗೊಮ್ಮೆ ಹೂವು ಹೆಂಡತಿಯ ಕಿಟಕಿಗೆ ಮುಟ್ಟಿತು. ಬ್ಲಾಕಿನವರೆಲ್ಲ ಬಂದು ಬಂದು ನೋಡಿ ಹೋದರು. ನಾನೂ ಆ ಸಂಜೆ ಮನೆಗೆ ಹೋಗಿ ನನ್ನ ಗಂಡನಿಗೆ ‘ನೋಡಿ ಕಲ್ತ್ಕೊಳ್ಳಿ’ ಎಂದು ಮೂತಿ ತಿವಿದಿದ್ದೆ. ಅಲ್ಲಿಂದ ಮುಂದೆ ಪ್ರತಿ ದಸರಾ ಕಳೆದ ಮೇಲೆ ಕ್ವಾರ್ಟರ್ಸಿನ ಗುಲಾಬಿಗಳನ್ನೆಲ್ಲ ಕತ್ತರಿಸುತ್ತಾ ಬಂದರೂ ಆ ಗಿಡದ ಹತ್ತಿರ ಬಂದಾಗ ದಾಟಿ ಹೋಗುತ್ತಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಕೈ ಬರುತ್ತಿರಲಿಲ್ಲ.

ಮುನಿಯಪ್ಪನವರ ಜಾಗಕ್ಕೆ ನಾನು ಬಂದ ಕಾಲಕ್ಕೆ ಕೆಲಸದ ರೀತಿಯೇ ಬದಲಾಗಿತ್ತು. ಕಾಯಂ ಮಾಲಿಗಳು ಒಬ್ಬೊಬ್ಬರಾಗಿ ನಿವೃತ್ತರಾದರು, ಅವರ ಬದಲಿಗೆ ಗುತ್ತಿಗೆಯವರು ಬಂದರು. ಅವರಿಗೆ ಬೇಲಿ ಕತ್ತರಿಸುವ ಕರೆಂಟಿನ ಯಂತ್ರ ಕೊಟ್ಟಿದ್ದರು. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಕ್ಯಾಂಟೀನ್ ಪಕ್ಕದ ಗುಲಾಬಿಗಳನ್ನೆಲ್ಲ ಆ ಯಂತ್ರದಿಂದ ಮೇಜಿನ ಹಾಗೆ ಸಪಾಟಾಗಿ ಸವರಿ ನಿಂತಿದ್ದಾರೆ! ಕಣ್ಣಿಲ್ಲ, ಓರೆಯಿಲ್ಲ, ಸೀಳಿದ ತುದಿಗಳು. ನಾನು ಕೂಗಾಡಿದ್ದು ಗೇಟಿನವರೆಗೆ ಕೇಳಿಸಿತಂತೆ. ಆ ತಂಡದಲ್ಲಿ ಯಲ್ಲಪ್ಪ ಎಂಬುವನಿದ್ದ. ವಿಜಯಪುರದ ಕಡೆಯವನು, ಹೆಂಡತಿ ಮಕ್ಕಳ ಜೊತೆ ಪೀಣ್ಯದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದ. ಊರಿನಲ್ಲಿ ದ್ರಾಕ್ಷಿ ತೋಟದಲ್ಲಿ ದುಡಿದ ಕೈ. ಕತ್ತರಿಸುವುದಕ್ಕೆ ಅವನು ಚಾಟ್ನಿ ಎನ್ನುತ್ತಿದ್ದ. ನನ್ನ ಕೂಗಾಟವೆಲ್ಲ ಮುಗಿದ ಮೇಲೆ ಹತ್ತಿರ ಬಂದು, ತಾನು ಬೇಡ ಅಂದಿದ್ದೆ, ಕಂಟ್ರಾಕ್ಟರು ಕೇಳಲಿಲ್ಲ ಎಂದ. ಹಾಗಾದರೆ ನಾಳೆಯಿಂದ ನನ್ನ ಜೊತೆ ಬಾ ಅಂದೆ. ನಾನು ನಿವೃತ್ತಳಾಗುವವರೆಗೂ ಅವನು ನನ್ನ ಜೊತೆಯೇ ಇದ್ದ.

ಯಲ್ಲಪ್ಪ ನನ್ನ ಜೊತೆ ಸೇರಿದ ವರ್ಷದ ಮಳೆ ನೆನಪಿರುವವರಿಗೆ ನೆನಪಿದ್ದೇ ಇರುತ್ತದೆ, ಗಾಳಿ ಅಂದರೆ ಗಾಳಿ. ಒಂದು ಬೆಳಿಗ್ಗೆ ನಂಜುಂಡಯ್ಯನವರೇ ನನ್ನನ್ನು ಹುಡುಕಿಕೊಂಡು ಬಂದರು. ಕಿಟಕಿಯ ಹತ್ತಿರದ ಕೊಂಬೆಯೊಂದು ಮುರಿದು ನೇತಾಡುತ್ತಿದೆ, ಮತ್ತೆ ಕಟ್ಟಲು ಬರುತ್ತದೆಯೇ ನೋಡು ಎಂದರು. ಹೋಗಿ ನೋಡಿದೆ. ಮುರಿದ ಕಡೆ ಬೆಂಡು ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಕಡ್ಡಿಯನ್ನೂ ತುದಿಯಲ್ಲಿ ಸ್ವಲ್ಪ ಕತ್ತರಿಸಿದೆ, ಅದೂ ಅದೇ ಬಣ್ಣ. ತುದಿಯಿಂದ ಒಣಗುವ ರೋಗ ಒಳಗೊಳಗೇ ಇಳಿಯುತ್ತಿತ್ತು. ಅಷ್ಟೆತ್ತರದ ಗಿಡ ಗಾಳಿಗೆ ತೂಗಿ ತೂಗಿ ಬುಡದ ಮಣ್ಣೂ ಸಡಿಲವಾಗಿತ್ತು. ಈ ದಸರಾಕ್ಕೆ ಕೆಳಗಿಳಿಸದಿದ್ದರೆ ಮುಂದಿನ ಬೇಸಿಗೆಗೆ ಗಿಡವೇ ಇರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಅವರಿಗೆ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ. ಕೆಳಗಿಳಿಸಿದರೆ ಮತ್ತೆ ಕಿಟಕಿ ಮುಟ್ಟುವುದು ಯಾವಾಗ ಅಂದರು. ಹೂವು ಒಂದೂವರೆ ಎರಡು ತಿಂಗಳಲ್ಲಿ ಬರುತ್ತದೆ, ಆದರೆ ಕೆಳಗೆ. ಕಿಟಕಿ ಮುಟ್ಟಲು ಮತ್ತೆ ವರ್ಷಗಳೇ ಬೇಕು ಅಂದೆ. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು, ಆಮೇಲೆ ಕ್ವಾರ್ಟರ್ಸೇ ಬಿಡಬೇಕು. ಅಂದರೆ ಸರಸ್ವತಮ್ಮನವರ ಕಿಟಕಿಗೆ ಇನ್ನು ಹೂವಿಲ್ಲ.

‘ಅವಳಿಗೆ ಉಳಿದಿರೋದು ಅದೊಂದೇ ಕಣಮ್ಮ,’ ಎಂದರು. ‘ಅದನ್ನೂ ಕಿತ್ಕೊಂಡ್ರೆ ನಾನು ಯಾವ ಮುಖ ಇಟ್ಕೊಂಡು ಒಳಗೆ ಹೋಗ್ಲಿ?’

ಬೇರೆ ದಾರಿ ಹುಡುಕಿದೆ. ನಮ್ಮ ಕೆಲಸದಲ್ಲಿ ಒಂದು ಉಪಾಯವುಂಟು. ತೀರಾ ಮುದಿಯಾದ ಗಿಡವನ್ನು ಒಂದೇ ಸಲ ಇಳಿಸದೆ, ಈ ವರ್ಷ ಕೆಲವು ಕಡ್ಡಿ, ಮುಂದಿನ ವರ್ಷ ಕೆಲವು ಎಂದು ಇಳಿಸುತ್ತಾ, ಬುಡದಿಂದ ಹೊಸದು ಬರಲು ಬಿಡುವುದು. ನೀವೂ ಮೊದಲು ಅದನ್ನೇ ಯೋಚಿಸಿ, ಬಹಳ ಗಿಡಗಳಿಗೆ ಅದೇ ಸಾಕಾಗುತ್ತದೆ. ಇಲ್ಲಿ ಅದೂ ಕೂಡಿ ಬರಲಿಲ್ಲ. ಉಳಿಸಬಹುದಾದ ಒಂದೇ ಒಂದು ಎತ್ತರದ ಕಡ್ಡಿಯೂ ಗಟ್ಟಿಯಾಗಿರಲಿಲ್ಲ.

ಅದೇ ಹೊತ್ತಿಗೆ ಕ್ವಾರ್ಟರ್ಸಿಗೆ ಬಣ್ಣ ಹೊಡೆಸಬೇಕೆಂದು ತೀರ್ಮಾನವಾಯಿತು. ಎಸ್ಟೇಟ್ ವಿಭಾಗದ ಮೇಡಂ ನನ್ನನ್ನು ಕರೆಸಿದರು. ಬಣ್ಣದವರು ಸಾರುವೆ ಕಟ್ಟಲು ಬಂದರೆ ಮಚ್ಚಿನಿಂದ ಬುಡಕ್ಕೇ ಕಡಿದು ಹಾಕುತ್ತಾರೆ, ಅವರಿಗೇನು ಗೊತ್ತು, ನೀನಾದರೆ ನೋವಾಗದ ಹಾಗೆ ಮಾಡುತ್ತೀಯ ಎಂದರು. ದಸರಾ ಮುಗಿಯುವವರೆಗೆ ಆ ಬ್ಲಾಕಿಗೆ ಯಾರನ್ನೂ ಕಳಿಸುವುದಿಲ್ಲ ಎಂದು ತಾವಾಗಿಯೇ ಮಾತು ಕೊಟ್ಟರು. ಅವರೂ ಆ ಕಿಟಕಿಯ ಹೂವನ್ನು ನೋಡಿದ್ದವರೇ.

ಅಲ್ಲಿಂದ ದಸರಾದವರೆಗೆ ಕ್ವಾರ್ಟರ್ಸಿನಲ್ಲಿ ಇದೇ ಮಾತು. ಕತ್ತರಿಸುವ ವಿಷಯ ಸರಸ್ವತಮ್ಮನವರ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ ಎಂದು ಒಬ್ಬರು. ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಕತ್ತರಿಸಿಬಿಡಿ ಎಂದು ಇನ್ನೊಬ್ಬರು. ಪ್ಲಾಸ್ಟಿಕ್ ಹೂವು ಕಟ್ಟಿದರೆ ದೂರಕ್ಕೆ ಗೊತ್ತಾಗುವುದಿಲ್ಲ ಎಂದ ಪುಣ್ಯಾತ್ಮರೂ ಇದ್ದರು. ನಾನು ಯಾರಿಗೂ ಉತ್ತರ ಕೊಡದೆ, ಒಂದು ಮಧ್ಯಾಹ್ನ ನಂಜುಂಡಯ್ಯನವರು ಕೆಲಸಕ್ಕೆ ಹೋಗಿದ್ದಾಗ ಮೆಟ್ಟಿಲು ಹತ್ತಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಹೇಳದೆ ಕತ್ತರಿಸಲು ಮಾತ್ರ ನನ್ನಿಂದಾಗದು ಅಂತ ಗೊತ್ತಿತ್ತು.

ಸರಸ್ವತಮ್ಮ ದಿಂಬಿಗೆ ಒರಗಿ ಕೂತಿದ್ದರು. ಅವರ ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಂಡು ಕಂದಾಗಿದೆ, ಇಳಿಸದಿದ್ದರೆ ಸಾಯುತ್ತದೆ, ಇಳಿಸಿದರೆ ಈ ಕಿಟಕಿಗೆ ಹೂವು ಬರುವುದಿಲ್ಲ. ಹೇಳುತ್ತಾ ಹೇಳುತ್ತಾ ನಾನೇ ಅತ್ತುಬಿಟ್ಟೆ. ಅವರು ಅಳಲಿಲ್ಲ, ನಾನು ಮೂಗು ಒರೆಸಿಕೊಳ್ಳುವವರೆಗೆ ಕಾದರು.

‘ಜಯಮ್ಮ, ಕಿಟಕಿ ನೋಡು,’ ಎಂದರು. ‘ಸೊಳ್ಳೆ ಜಾಲರಿ ಹಾಕ್ಸಿದಾರೆ. ಕೈಗೆ ಸಿಗಲ್ಲ. ಹೂವು ಆಕಾಶ ನೋಡುತ್ತೆ, ನನಗೆ ಕಾಣೋದು ಅದರ ಬೆನ್ನು. ಇಷ್ಟು ವರ್ಷ ಆಯ್ತು, ನಿಮಗೆ ಹೂವು ಬೇಕಾ ಅಂತ ಯಾರಾದ್ರೂ ಒಬ್ರು ನನ್ನ ಕೇಳಿದೀರಾ? ಪಾಪ, ಅವರು ಏಣಿ ಹತ್ತಿ ಒದ್ದಾಡ್ತಿದ್ರು. ಬೇಡ ಅನ್ನೋಕೆ ನನಗೆ ಮನಸ್ಸು ಬರ್ಲಿಲ್ಲ.’

ಅವರು ಎಡಗೈಯಿಂದ ನನ್ನ ತೋಳು ಹಿಡಿದು, ತಮ್ಮ ಕಣ್ಣ ಮುಂದೆಯೇ ಕತ್ತರಿಸಬೇಕು, ಆಸ್ಪತ್ರೆಗೆ ಕಳಿಸಿ ಕತ್ತರಿಸಿದರೆ ನಿನ್ನ ಜೊತೆ ಮಾತು ಬಿಡುತ್ತೇನೆ ಎಂದರು. ಪಕ್ಕದ ಮನೆಯವರ ಉಪಾಯ ಅವರ ಕಿವಿಗೆ ಆಗಲೇ ಬಿದ್ದಿತ್ತು.

ವಿಜಯದಶಮಿ ಕಳೆದ ಮಾರನೆಯ ದಿನ ನಾನೂ ಯಲ್ಲಪ್ಪನೂ ಏಣಿ ತಂದೆವು. ನಂಜುಂಡಯ್ಯನವರು ನಿಂತು ನೋಡಲಾರದೆ ಮೊದಲ ಶಿಫ್ಟಿಗೆ ಹೊರಟುಹೋದರು. ಅವತ್ತು ಜಾಲರಿಯನ್ನು ತೆಗೆಸಿ ಕಿಟಕಿಯ ಹತ್ತಿರ ಕೂತಿದ್ದರು ಸರಸ್ವತಮ್ಮ. ಕೊನೆಯ ಒಂದೆರಡು ಹೂವನ್ನು ಮೊದಲು ಕೊಯ್ದು ಅವರ ಮಡಿಲಿಗೆ ಹಾಕಿದೆ. ಆಮೇಲೆ ಹಗ್ಗ ಬಿಚ್ಚುತ್ತಾ, ಕತ್ತರಿಸುತ್ತಾ ಇಳಿದೆವು. ಕಿಟಕಿಯ ಮಟ್ಟದಲ್ಲಿ ಕಂದು. ಅದರ ಕೆಳಗೆ ಕಂದು. ಕೆಳಮನೆಯ ಕಿಟಕಿಯ ಮಟ್ಟಕ್ಕೆ ಬಂದರೂ ಕಂದು. ಮೇಲಿಂದ ಅವರು ಬಣ್ಣ ಹೇಗಿದೆ ಎಂದು ಕೇಳುತ್ತಲೇ ಇದ್ದರು. ಸುಳ್ಳು ಹೇಳಲಿಲ್ಲ. ಸೊಂಟದ ಮಟ್ಟಕ್ಕೆ ಬಂದಾಗ ಒಂದು ಕಡ್ಡಿಯಲ್ಲಿ ಬಿಳಿ ಕಂಡಿತು, ಮೊಣಕಾಲಿನ ಹತ್ತಿರ ಇನ್ನೊಂದರಲ್ಲಿ. ಉಳಿದವನ್ನು ನೆಲಕ್ಕೇ ತೆಗೆಯಬೇಕಾಯಿತು. ಹೊರಗಣ್ಣು ನೋಡಿಕೊಂಡು ಕತ್ತರಿಸು ಎಂದು ಮೇಲಿಂದ ನನಗೇ ಪಾಠ ಬಂತು. ಕತ್ತರಿಸಿದ ಮುಖಗಳಿಗೆ ರೋಗ ತಗಲದಂತೆ ಮೈಲುತುತ್ತ, ಸುಣ್ಣ ಕಲಸಿದ ಸರಿ ಬಳಿದೆವು. ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಮಣ್ಣು ತುಳಿದು ಬಿಗಿ ಮಾಡಿದೆವು. ಅಷ್ಟೆತ್ತರದ ಗಿಡದಲ್ಲಿ ಉಳಿದದ್ದು ಎರಡು ಮೋಟು ಕಡ್ಡಿ.

ಸಂಜೆ ನಂಜುಂಡಯ್ಯನವರು ಬಂದು ನೋಡಿದರಂತೆ. ಮಾರನೆಯ ದಿನದಿಂದ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ಕಾರ್ಖಾನೆಯ ಗುಲಾಬಿಗಳೆಲ್ಲ ಚಿಗುರಿದವು, ಇದು ಚಿಗುರಲಿಲ್ಲ. ದಿನ ಬೆಳಗಾದರೆ ನಾನು ಮೊದಲು ಆ ಬ್ಲಾಕಿಗೆ ಹೋಗುತ್ತಿದ್ದೆ. ಉಗುರಿನಿಂದ ಸಿಪ್ಪೆ ಕೆರೆದು ನೋಡಿದರೆ ಹಸಿರು ಇದೆ, ಕಣ್ಣು ಮಾತ್ರ ಬಿಡುತ್ತಿಲ್ಲ. ನನ್ನ ಪೆಚ್ಚು ಮೋರೆ ನೋಡಲಾರದೆ ಯಲ್ಲಪ್ಪ ಸಮಾಧಾನ ಹೇಳುತ್ತಿದ್ದ. ‘ಚಾಟ್ನಿ ಆದ್ ಮ್ಯಾಲ ನಮ್ಮ ದ್ರಾಕ್ಷಿ ಬಳ್ಳಿ ಅಳತೈತ್ರೀ ಅಕ್ಕಾರ, ತುದೀಲೆ ನೀರ್ ಸುರಸ್ತೈತಿ. ಅತ್ ಮುಗಿಸಿದ್ ಮ್ಯಾಲನ ಚಿಗರೂದು.’ ಗುಲಾಬಿ ಹಾಗೆ ಅಳುವುದಿಲ್ಲವಲ್ಲೋ ಎಂದು ನಾನು ಅವನ ಮೇಲೆ ಹಾಯುತ್ತಿದ್ದೆ.

ಕಡೆಗೆ ಚಿಗುರು ಬಂದದ್ದು ನಾವು ಕಾಯುತ್ತಿದ್ದ ಕಣ್ಣಿನಿಂದಲ್ಲ, ನೆಲದಿಂದ. ಕೆಂಪಗೆ, ಹೆಬ್ಬೆರಳಿನಷ್ಟು ದಪ್ಪ. ಕಸಿ ಗಿಡವಾಗಿದ್ದರೆ ಬುಡದಿಂದ ಬಂದದ್ದನ್ನು ಕಾಡು ಚಿಗುರು ಎಂದು ಕಿತ್ತು ಹಾಕಬೇಕು. ಇದು ತವರಿನ ಕಡ್ಡಿಯಿಂದಲೇ ಬೇರು ಬಿಟ್ಟ ಗಿಡ, ನೆಲದಿಂದ ಬಂದರೂ ಅದೇ ಪನ್ನೀರು ಗುಲಾಬಿ. ಈ ವ್ಯತ್ಯಾಸವನ್ನು ಮರೆಯಬೇಡಿ. ನಾನು ರಸ್ತೆಯಲ್ಲಿ ನಂಜುಂಡಯ್ಯನವರನ್ನು ಅಡ್ಡಗಟ್ಟಿ ಎಳೆದುಕೊಂಡು ಬಂದು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

ಚಳಿಗಾಲ ಮುಗಿಯುವುದರೊಳಗೆ ಮೊಗ್ಗು ಬಂತು. ಬಣ್ಣ ಕಾಣಿಸಿಕೊಂಡ ದಿನ ಹೇಳಲು ಮೇಲೆ ಹೋದೆ, ಯಲ್ಲಪ್ಪನೂ ಜೊತೆಗಿದ್ದ. ನಂಜುಂಡಯ್ಯನವರು ಅರಳಿದ ಕೂಡಲೇ ಕೊಯ್ದು ತಂದುಕೊಡುತ್ತೇನೆ ಎಂದು ಹೆಂಡತಿಗೆ ಹೇಳಿದರು.

‘ಕೊಯ್ಬೇಡಿ,’ ಎಂದರು ಸರಸ್ವತಮ್ಮ. ‘ನಾನೇ ಬರ್ತೀನಿ.’

ಮೆಟ್ಟಿಲು ಕಡಿದು, ತಿರುವು ಬೇರೆ ಇದೆ, ಬಿದ್ದರೆ ಏನು ಗತಿ ಎಂದು ನಂಜುಂಡಯ್ಯನವರು ಗಾಬರಿಯಾದರು. ಅವರ ಹೆದರಿಕೆ ಸುಳ್ಳಲ್ಲ. ಒಬ್ಬ ಮನುಷ್ಯ, ಶಿಫ್ಟಿನ ಕೆಲಸ, ಅಡುಗೆ, ಹೆಂಡತಿಯ ಸ್ನಾನ, ಎಲ್ಲ ಒಬ್ಬರೇ ತೂಗಿಸುತ್ತಿದ್ದವರು. ಆದರೆ ಮೆಟ್ಟಿಲ ಬುಡದಲ್ಲಿ ವರ್ಷಗಟ್ಟಲೆ ಓಡಾಡಿದ ನಾವಿಷ್ಟು ಜನ ಏನು ಮಾಡುತ್ತಿದ್ದೆವು? ಹೂವನ್ನು ಮೇಲಕ್ಕೆ ಹತ್ತಿಸಿದ್ದನ್ನು ಹೊಗಳಿ ಹೊಗಳಿ ಮನೆಗೆ ಹೋಗುತ್ತಿದ್ದೆವು. ನನಗೆ ನಿಂತಲ್ಲೇ ನಾಚಿಕೆಯಾಯಿತು.

‘ಕುರ್ಚಿ ಮ್ಯಾಲ ಕುಂದ್ರಸ್ರಿ ಸರ,’ ಎಂದ ಯಲ್ಲಪ್ಪ, ಅದೇನು ದೊಡ್ಡ ಮಾತಲ್ಲ ಎಂಬಂತೆ. ‘ನಾವ್ ಹೊತ್ಕೊಂಡ್ ಇಳಸ್ತೀವಿ.’

ಕೈಯಿರುವ ಪ್ಲಾಸ್ಟಿಕ್ ಕುರ್ಚಿ, ಸೊಂಟಕ್ಕೊಂದು ಬೆಡ್‌ಶೀಟಿನ ಕಟ್ಟು. ಹಿಂದೆ ಯಲ್ಲಪ್ಪ, ಮುಂದೆ ನಂಜುಂಡಯ್ಯನವರು, ಪಕ್ಕದಲ್ಲಿ ಸರಸ್ವತಮ್ಮನವರ ಕಾಲು ಗೋಡೆಗೆ ತಾಗದಂತೆ ಹಿಡಿದುಕೊಂಡು ನಾನು. ತಿರುವಿನಲ್ಲಿ ಕೆಳಮನೆಯವರು ಓಡಿ ಬಂದು ಕೈ ಕೊಟ್ಟರು. ಬಿಸಿಲಿಗೆ ಬಂದಾಗ ಸರಸ್ವತಮ್ಮ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಎಡಗೈ ಚಾಚಿ ಮೊಗ್ಗನ್ನು ಮುಟ್ಟಿದರು, ಎಲೆಯನ್ನು ಮಗುಚಿ ಹುಳ ಇದೆಯೇ ಎಂದು ನೋಡಿದರು, ಗೊಬ್ಬರ ಸಾಲದು ಎಂದು ನನ್ನನ್ನು ಬೈದರು. ಅವತ್ತು ನನಗೆ ಬೈಸಿಕೊಂಡಷ್ಟೂ ಸಂತೋಷ. ಅಷ್ಟರಲ್ಲಿ ಹೆಂಗಸರು ಸುತ್ತ ನೆರೆದಿದ್ದರು. ಊರ ಸಮಾಚಾರ ಬಹಳ ಬಾಕಿ ಬಿದ್ದಿತ್ತು.

ಮಾರನೆಯ ಸಂಜೆಯೂ ಇಳಿಸಿದರು, ಅದರ ಮಾರನೆಯ ಸಂಜೆಯೂ. ಕೆಳಮನೆಯವರು, ಎದುರು ಬ್ಲಾಕಿನವರು ಎಲ್ಲರೂ ಕೈ ಹಾಕತೊಡಗಿದರು, ಯಲ್ಲಪ್ಪ ಇಲ್ಲದಿದ್ದರೂ ನಡೆಯಿತು. ಹೂವು ಒಂದಾದ ಮೇಲೊಂದು ಅರಳಿತು.

ಬುಡದಿಂದ ಬಂದ ಹೊಸ ಕಡ್ಡಿಗಳು ಕೊಬ್ಬಿ ಸರಸರನೆ ಮೇಲಕ್ಕೆ ಓಡುತ್ತವೆ, ಅವುಗಳ ತುದಿ ತೆಗೆದರೆ ಪಕ್ಕದ ಕೊಂಬೆ ಒಡೆಯುತ್ತದೆ. ಒಂದು ಸಂಜೆ ಆ ಕೆಲಸಕ್ಕೆಂದು ಕಟರ್ ಹಿಡಿದು ಹೋದೆ. ಸರಸ್ವತಮ್ಮ ಎಂದಿನಂತೆ ಕುರ್ಚಿಯಲ್ಲಿದ್ದರು. ನಂಜುಂಡಯ್ಯನವರು ನನಗಿಂತ ಮೊದಲೇ ಬಂದು, ನಾರಿನ ಹಗ್ಗ ತಂದು, ಉದ್ದನೆಯ ಕಡ್ಡಿಯನ್ನು ಗೋಡೆಯ ಪೈಪಿಗೆ ಕಟ್ಟುತ್ತಿದ್ದರು. ಮುಖದಲ್ಲಿ ಮೊದಲಿನ ಕಳೆ. ಈ ಸಲ ಎಷ್ಟು ಬಿರುಸಾಗಿ ಬೆಳೆಯುತ್ತಿದೆ ನೋಡು, ನಿನ್ನ ಕಿಟಕಿಗೆ ಬೇಗ ಬಂದುಬಿಡುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದರು.

‘ಕಟ್ಬೇಡಿ ರೀ,’ ಎಂದರು ಸರಸ್ವತಮ್ಮ. ‘ಅದು ಮೇಲಕ್ಕೆ ಬಂದ್ಬಿಟ್ರೆ ನೀವೆಲ್ಲ ನನ್ನ ಮತ್ತೆ ಮೇಲೇ ಬಿಟ್ಬಿಡ್ತೀರ.’

ನಂಜುಂಡಯ್ಯನವರು ಹಗ್ಗ ಹಿಡಿದುಕೊಂಡು ಹಾಗೆಯೇ ನಿಂತರು. ಆಮೇಲೆ ಅವರು ಕಟ್ಟಿದ್ದ ಗಂಟನ್ನು ಬಿಚ್ಚಿದರು. ನನ್ನ ಕೈಯಲ್ಲಿದ್ದ ಕಟರ್ ಇಸಿದುಕೊಂಡು ಕುರ್ಚಿಯ ಪಕ್ಕ ಕೂತು, ಎಲ್ಲಿಗೆ ಕತ್ತರಿಸಲಿ ಎಂದು ಹೆಂಡತಿಯನ್ನು ಕೇಳಿದರು.